ಆ ಮೆಟ್ಟಿಲಿನ ಫೋಟೋ ಇದೆಯಾ?

ಹಳೇ ಮನೆ ಬಿಟ್ಟು ಎರಡು ವರ್ಷ ಆಗಿತ್ತು. ಒಂದು ಸಂಜೆ ಅಮ್ಮ ಇದ್ದಕ್ಕಿದ್ದ ಹಾಗೆ ಕೇಳಿದಳು, “ನಿನ್ನ ಫೋನಲ್ಲಿ ಆ ಮೆಟ್ಟಿಲಿನ ಫೋಟೋ ಇದೆಯೇನೋ?” ಯಾವ ಮೆಟ್ಟಿಲು ಅಂತ ನಾನು ಕೇಳಲಿಲ್ಲ. ಮಹಡಿಗೆ ಹೋಗುವ ಹದಿನಾಲ್ಕು ಮೆಟ್ಟಿಲು. ಮೂರನೆಯದರ ಅಂಚು ಒಡೆದಿತ್ತು. ಐದನೆಯದರ ಮೇಲೆ ಅಮ್ಮ ಮಧ್ಯಾಹ್ನ ಕೂತು ಪೇಪರ್ ಓದುತ್ತಿದ್ದಳು. ಮೇಲಿನ ಕಿಟಕಿಯ ಬೆಳಕು ಆ ಹೊತ್ತಿಗೆ ಸರಿಯಾಗಿ ಅಲ್ಲಿಗೇ ಬೀಳುತ್ತಿತ್ತು. “ಇದ್ದೇ ಇರುತ್ತಮ್ಮ, ಹುಡುಕಿ ಕೊಡ್ತೀನಿ” ಅಂದೆ. ಹನ್ನೊಂದು ವರ್ಷ ಇದ್ದ ಮನೆ. ಫೋನಿನಲ್ಲಿ ಸಾವಿರಗಟ್ಟಲೆ ಫೋಟೋ. ಇಲ್ಲದೆ ಇರುತ್ತದೆಯೇ?

ಇರಲಿಲ್ಲ. ಎರಡು ರಾತ್ರಿ ಕೂತು ಹುಡುಕಿದೆ. ಬೆಟ್ಟಗಳು ಸಿಕ್ಕವು. ಸೂರ್ಯ ಮುಳುಗುವುದು ಬೇಕಾದಷ್ಟು ಸಿಕ್ಕಿತು. ಒಂದೇ ಜಲಪಾತ ನಲವತ್ತು ಸಲ ಸಿಕ್ಕಿತು. ಮೆಟ್ಟಿಲು ಮಾತ್ರ ಯಾರದೋ ಹೆಗಲ ಹಿಂದೆ ಮಸುಕಾಗಿ ಒಂದಿಷ್ಟು, ಇನ್ನೊಂದರಲ್ಲಿ ಸೂಟ್‌ಕೇಸಿನ ಪಕ್ಕ ರೇಲಿಂಗಿನ ತುದಿ, ಅಷ್ಟೇ. ಕೊನೆಗೆ ಒಂದು ಸಿಕ್ಕಿತು. ಕೈಯಲ್ಲಿ ಹಿಡಿದಿದ್ದಾಗ ತಾನೇ ಕ್ಲಿಕ್ ಆಗಿದ್ದ ಫೋಟೋ. ನೆಲ ಓರೆಯಾಗಿದೆ, ನನ್ನ ಕಾಲಿನ ಅರ್ಧ ಇದೆ, ಮೇಲೆ ಮೂಲೆಯಲ್ಲಿ ಮೂರನೇ ಮೆಟ್ಟಿಲು, ಅದರ ಒಡೆದ ಅಂಚು. ಅದನ್ನು ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು “ಇದೇ, ಇದೇ” ಅಂದು ಒಡೆದ ಅಂಚಿನ ಮೇಲೆ ಬೆರಳಿಟ್ಟಳು. ಬೆರಳು ತಾಗಿ ಫೋಟೋ ಆಚೆ ಸರಿಯಿತು. ಮತ್ತೆ ಎಳೆದುಕೊಂಡು ಮತ್ತೆ ಅಲ್ಲೇ ಬೆರಳಿಟ್ಟಳು.

ಆ ಬೆರಳು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಇಷ್ಟು ಫೋಟೋ ತೆಗೆಯುವ ನಾನು ಅಲ್ಲಿ ಒಂದು ದಿನವೂ ಯಾಕೆ ನಿಲ್ಲಲಿಲ್ಲ? ಚೆನ್ನಾಗಿಲ್ಲ ಅಂತಲೇ? ಅದೂ ಅಲ್ಲ. ಚೆನ್ನಾಗಿದೆಯೋ ಇಲ್ಲವೋ ಅಂತ ಯೋಚಿಸುವ ಮಟ್ಟಕ್ಕೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕಾಲಿಗೆ ಗೊತ್ತಿರುವ ಜಾಗ

ದಿನಾ ಬಳಸುವ ಜಾಗವನ್ನು ನಾವು ನೋಡುವುದಿಲ್ಲ, ಅಲ್ವಾ? ಮೆಟ್ಟಿಲು ಎಷ್ಟು ಎತ್ತರ ಅಂತ ಕಾಲಿಗೆ ಗೊತ್ತು. ಸ್ವಿಚ್ ಎಲ್ಲಿದೆ ಅಂತ ಕೈಗೆ ಗೊತ್ತು. ಎಲ್ಲ ಮೊದಲಿನ ಹಾಗೇ ಇದೆ ತಾನೆ ಅಂತ ಕಣ್ಣು ಒಂದು ಕ್ಷಣ ಪರೀಕ್ಷೆ ಮಾಡಿ ಮುಂದೆ ಹೋಗಿಬಿಡುತ್ತದೆ. ಬಲ್ಬ್ ಹೋದ ದಿನ ಮಾತ್ರ ಅಲ್ಲೊಂದು ಬಲ್ಬ್ ಇತ್ತು ಅಂತ ಗೊತ್ತಾಗುತ್ತದೆ. ಇದರಲ್ಲಿ ತಪ್ಪೇನಿಲ್ಲ. ಪ್ರತಿ ಮೆಟ್ಟಿಲನ್ನೂ ನಿಂತು ನೋಡುತ್ತಾ ಹೋದರೆ ಯಾರೂ ಯಾವ ಕೆಲಸಕ್ಕೂ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ.

ಪ್ರವಾಸದಲ್ಲಿ ನಾವು ಅಷ್ಟೊಂದು ನೋಡುವುದು ಯಾಕೆ ಅಂತ ಆಮೇಲೆ ಯೋಚಿಸಿದೆ. ಆ ಊರು ನಮ್ಮೂರಿಗಿಂತ ಚೆಂದ ಅನ್ನುವುದು ಸ್ವಲ್ಪ ನಿಜ ಇರಬಹುದು. ಆದರೆ ದೊಡ್ಡ ಕಾರಣ ಬೇರೆ. ಅಲ್ಲಿ ನಮಗೆ ಕೆಲಸವಿಲ್ಲ. ಅಲ್ಲಿನ ಬೀದಿಯಲ್ಲಿ ನಾವು ಯಾವುದಕ್ಕೂ ಲೇಟ್ ಆಗುತ್ತಿಲ್ಲ. ಅಲ್ಲಿ ನಾವು ಪರಿಪೂರ್ಣ ಸೋಮಾರಿಗಳು, ಅದಕ್ಕೇ ಕಣ್ಣು ತೆರೆದಿರುತ್ತದೆ. ನಾವು ಬೆರಗಾಗಿ ಫೋಟೋ ತೆಗೆದ ಅದೇ ಬೀದಿಯಲ್ಲಿ ಅಲ್ಲಿಯವರು ತಲೆ ತಗ್ಗಿಸಿಕೊಂಡು ಬೇಗ ಬೇಗ ಹೋಗುತ್ತಿರುತ್ತಾರೆ. ಅವರ ಕಾಲಿಗೆ ಆ ಬೀದಿ ಗೊತ್ತು.

ಹಾಗಾದರೆ ನನ್ನ ಜಾಗದಲ್ಲೇ ದಿನಕ್ಕೆ ಒಂದೆರಡು ನಿಮಿಷ ಕೆಲಸವಿಲ್ಲದವನ ಹಾಗೆ ನಿಲ್ಲಬಹುದೇ? ಸುಮ್ನೆ ನಿಲ್ಲು ಅಂದರೆ ನನಗೆ ಆಗುವುದಿಲ್ಲ, ಮನಸ್ಸು ಎಲ್ಲೋ ಓಡುತ್ತದೆ. ಕೈಗೊಂದು ನೆಪ ಬೇಕು. ಫೋಟೋ ಆ ನೆಪ.

ಒಂದು ತಿಂಗಳು, ಒಂದೇ ತಿರುವು

ಈಗಿನ ಮನೆ ಎರಡನೇ ಮಹಡಿಯಲ್ಲಿದೆ. ಮೇಲಿನ ಮಹಡಿಗೆ ಹೋಗುವ ಮೆಟ್ಟಿಲು ಅರ್ಧ ದಾರಿಯಲ್ಲಿ ತಿರುಗುತ್ತದೆ. ಅಲ್ಲೊಂದು ಕಂಬಿಗಳ ಕಿಟಕಿ, ಅದರ ಮೇಲೆ ಗಾಳಿಕಿಂಡಿಗೆ ಹೊಡೆದ ತುಕ್ಕು ಹಿಡಿದ ತಗಡು, ಬಿಳಿ ಬಣ್ಣದ ಗೋಡೆ, ಹಸಿರು ಬಣ್ಣದ ರೇಲಿಂಗ್. ಯಾರೂ ಎರಡನೇ ಸಲ ನೋಡುವ ಜಾಗವಲ್ಲ. ಅದಕ್ಕೇ ಅದನ್ನು ಆರಿಸಿಕೊಂಡೆ. ಕೆಲಸಕ್ಕೆ ಹೊರಡುವ ಮೊದಲು, ಬೆಳಿಗ್ಗೆ ಎಂಟರ ಆಸುಪಾಸು, ಅಲ್ಲಿಗೆ ಹತ್ತಿ ದಿನಕ್ಕೆ ಒಂದು ಫೋಟೋ. 30 ದಿನ. ಫಿಲ್ಟರ್ ಹಾಕಬಾರದು, ಒಂದಕ್ಕಿಂತ ಜಾಸ್ತಿ ತೆಗೆಯಬಾರದು. ನಾನೇ ಮಾಡಿಕೊಂಡ ನಿಯಮ ಇಷ್ಟೇ.

ಮೊದಲ ಐದು ದಿನ ಏನೂ ಸಿಗಲಿಲ್ಲ. ಮನೆ ಬಾಡಿಗೆಗಿದೆ ಅಂತ ಹಾಕುವ ಫೋಟೋಗಳಂತೆ ಇದ್ದವು. ಎಲ್ಲವೂ ಕಾಣುತ್ತದೆ, ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಆರನೇ ದಿನ ಕಾರಣ ಹೊಳೆಯಿತು. ಫೋನು ಕತ್ತಲನ್ನು ಕಂಡರೆ ಬೆಳಕು ಮಾಡಲು ನೋಡುತ್ತದೆ. ನೆರಳನ್ನೂ ಬಿಸಿಲನ್ನೂ ಹತ್ತಿರ ಹತ್ತಿರ ತಂದು ಇಡೀ ಗೋಡೆಯನ್ನು ಒಂದೇ ಸಮ ಮಾಡಿಬಿಡುತ್ತದೆ. ಗೋಡೆಯ ಮೇಲೆ ಬಿಸಿಲು ಬಿದ್ದ ಜಾಗವನ್ನು ಸ್ಕ್ರೀನಿನಲ್ಲಿ ಒತ್ತಿ ಹಿಡಿದೆ. ಎಕ್ಸ್‌ಪೋಷರ್, ಅಂದರೆ ಎಷ್ಟು ಬೆಳಕು ತಗೋಬೇಕು ಅನ್ನುವ ಫೋನಿನ ಲೆಕ್ಕ, ಅಲ್ಲಿಗೇ ನಿಂತಿತು. ಬೆರಳನ್ನು ಕೆಳಗೆ ಎಳೆದೆ. ಮೆಟ್ಟಿಲು, ರೇಲಿಂಗ್, ಮೂಲೆ ಎಲ್ಲ ನಿಧಾನವಾಗಿ ಕತ್ತಲಿಗೆ ಹೋದವು. ಕಿಟಕಿಯ ಆಕಾರದ ಒಂದು ತುಂಡು ಬಿಸಿಲು ಮಾತ್ರ ಉಳಿಯಿತು.

ಆಗ ಗೋಡೆ ಕಾಣಿಸಿತು. ಬಿಸಿಲು ಪಕ್ಕದಿಂದ, ಗೋಡೆಯನ್ನು ಸವರಿಕೊಂಡು ಬರುತ್ತಿತ್ತು. ನೇರವಾಗಿ ಬಿದ್ದ ಬೆಳಕು ಉಬ್ಬು ತಗ್ಗುಗಳನ್ನು ಅಳಿಸುತ್ತದೆ. ಓರೆ ಬೆಳಕಿನಲ್ಲಿ ಸಾಸಿವೆಯಷ್ಟು ಉಬ್ಬಿಗೂ ತನ್ನದೇ ನೆರಳು ಬೀಳುತ್ತದೆ. ನಯವಾಗಿದೆ ಅಂದುಕೊಂಡಿದ್ದ ಗೋಡೆಯ ತುಂಬ ಗಾರೆ ಸವರಿದ ಕೈಯ ಕಮಾನುಗಳಿದ್ದವು, ಒಂದರ ಮೇಲೊಂದು, ಎಲ್ಲವೂ ಎಡದಿಂದ ಬಲಕ್ಕೆ. ಬಣ್ಣದೊಳಗೆ ಬ್ರಷ್ಷಿನ ಒಂದು ಕೂದಲು ಸಿಕ್ಕಿಕೊಂಡು ಒಣಗಿತ್ತು. ಅದರ ಪಕ್ಕ ಒಂದು ಹನಿ ಕೆಳಗಿಳಿಯುತ್ತಾ ಇಳಿಯುತ್ತಾ ಅರ್ಧಕ್ಕೇ ನಿಂತಿತ್ತು. ಯಾರೋ ಒಬ್ಬರು ಇಲ್ಲಿ ನಿಂತು ಕೆಲಸ ಮಾಡಿದ್ದರು. ಅವರ ತೋಳು ಎಷ್ಟು ದೂರ ಚಾಚುತ್ತಿತ್ತು ಅಂತ ಆ ಕಮಾನುಗಳಿಂದ ಅಳೆಯಬಹುದಿತ್ತು. ನಾನು ನನ್ನ ತೋಳು ಚಾಚಿ ನೋಡಿದೆ. ಅವರದ್ದು ಉದ್ದ.

ಅವತ್ತು ಕೆಲಸಕ್ಕೆ ಹೋಗುವ ದಾರಿಯುದ್ದಕ್ಕೂ ಗೋಡೆಗಳನ್ನೇ ನೋಡಿಕೊಂಡು ಹೋದೆ.

ಇನ್ನೊಂದು ವಿಷಯ ಎದುರಿನ ಗೋಡೆಯಲ್ಲಿ ಸಿಕ್ಕಿತು. ಅಲ್ಲಿ ನಾಣ್ಯದಷ್ಟು ಅಗಲದ, ದುಂಡಗಿನ ಒಂದು ಬೆಳಕಿನ ಚುಕ್ಕೆ ಬೀಳುತ್ತಿತ್ತು. ಗಾಳಿಕಿಂಡಿಯ ತಗಡು ತುಕ್ಕು ತಿಂದು ತೂತಾದ ಜಾಗದಿಂದ ಬರುವ ಬೆಳಕು ಅದು. ಹತ್ತಿರ ಹೋಗಿ ತೂತು ನೋಡಿದೆ. ದುಂಡಗಿರಲಿಲ್ಲ, ಹರಿದ ಕಾಗದದ ಹಾಗೆ ಮೂಲೆ ಮೂಲೆಯಾಗಿತ್ತು. ಮೂಲೆಗಳಿರುವ ತೂತಿನಿಂದ ದುಂಡಗಿನ ಚುಕ್ಕೆ ಹೇಗೆ ಬಂತು? ಆ ಚುಕ್ಕೆ ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ತೂತು ತೀರಾ ಚಿಕ್ಕದಾಗಿ, ಗೋಡೆ ಸಾಕಷ್ಟು ದೂರ ಇದ್ದರೆ ಹೀಗಾಗುತ್ತದೆ. ತೂತಿನಿಂದ ಗೋಡೆ ಎಷ್ಟು ದೂರವೋ ಅದರ ಹೆಚ್ಚುಕಡಿಮೆ 108ರಲ್ಲಿ ಒಂದು ಪಾಲು ಆ ಚಿತ್ರದ ಅಗಲ. ಮೂರು ಮೀಟರ್ ದೂರಕ್ಕೆ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ. ಮರದ ಕೆಳಗೆ ಬೀಳುವ ದುಂಡು ದುಂಡು ಬಿಸಿಲೂ ಹೀಗೆಯೇ, ಎಲೆಗಳ ಸಂದಿಯಿಂದ ಬಂದ ಸೂರ್ಯನ ಚಿತ್ರಗಳು. ಸೂರ್ಯಗ್ರಹಣದ ದಿನ ಅವೆಲ್ಲ ಒಟ್ಟಿಗೆ ಕುಡುಗೋಲಿನ ಆಕಾರಕ್ಕೆ ತಿರುಗುತ್ತವೆ. ನಾನು ನೋಡುತ್ತಿದ್ದಾಗ ಹೊರಗೆ ತೆಳು ಮೋಡ ಹಾಯಿತು. ಚುಕ್ಕೆಯ ಒಂದು ಬದಿ ಮಬ್ಬಾಗಿ, ಆ ಮಬ್ಬು ನಿಧಾನಕ್ಕೆ ಇನ್ನೊಂದು ಬದಿಗೆ ಸರಿಯಿತು.

ಕ್ಯಾಮೆರಾ ಅನ್ನುವ ಮಾತಿಗೆ ಲ್ಯಾಟಿನ್‌ನಲ್ಲಿ ಕೋಣೆ ಅಂತಲೇ ಅರ್ಥ. ಕತ್ತಲ ಕೋಣೆ, ಗೋಡೆಗೊಂದು ತೂತು, ಎದುರು ಗೋಡೆಯ ಮೇಲೆ ಹೊರಗಿನ ಲೋಕದ ತಲೆಕೆಳಗಾದ ಚಿತ್ರ. ಕ್ಯಾಮೆರಾ ಶುರುವಾಗಿದ್ದು ಹಾಗೆ. ನಾನು ಫೋನು ಹಿಡಿದು ಫೋಟೋಗೆ ಏನು ಸಿಗುತ್ತದೆ ಅಂತ ಹುಡುಕುತ್ತಿದ್ದ ಮೆಟ್ಟಿಲು ತಾನೇ ದಿನಾ ಬೆಳಿಗ್ಗೆ ಸೂರ್ಯನ ಚಿತ್ರ ತೆಗೆಯುತ್ತಿತ್ತು. ಇದು ಗೊತ್ತಾದ ದಿನ ನನಗಾದ ಸಂತೋಷಕ್ಕೆ ಯಾವ ಬೆಟ್ಟದ ತುದಿಯೂ ಸಮ ಬರುವುದಿಲ್ಲ.

ಬಿಳಿ ಗೋಡೆ ಬಿಳಿಯಲ್ಲ ಅನ್ನುವುದೂ ಆ ದಿನಗಳಲ್ಲೇ ಗೊತ್ತಾಗಿದ್ದು. ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ಫೋನು ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು ಬಿಸಿಲಿನ ಗುರುತಿಗೆ ಇಟ್ಟರೆ ನೆರಳಿನ ಭಾಗ ನೀಲಿಯಾಗಿ ಕಾಣುತ್ತದೆ. ನೆರಳಿಗೆ ಬಿಸಿಲು ಬರದಿದ್ದರೂ ಆಕಾಶದ ಬೆಳಕು ಬರುತ್ತದೆ, ಆಕಾಶ ನೀಲಿ. ನಮ್ಮ ಕಣ್ಣು, ಮಿದುಳು ಇದನ್ನು ತಕ್ಷಣ ಸರಿಮಾಡಿ “ಬಿಳಿ ಗೋಡೆ” ಅಂತ ಹೇಳಿ ಮುಗಿಸಿಬಿಡುತ್ತವೆ. ಈಗ ನನಗೆ ಬರಿಗಣ್ಣಿಗೇ ಆ ನೀಲಿ ಕಾಣುತ್ತದೆ. ಒಂದು ಸಲ ಕಂಡ ಮೇಲೆ ಕಾಣದೆ ಇರುವುದಿಲ್ಲ.

ಮೊದಲ ಫೋಟೋಗಳಲ್ಲಿ ಏನಿತ್ತು?

ಕ್ಯಾಮೆರಾದಿಂದ ತೆಗೆದು ಇವತ್ತಿಗೂ ಉಳಿದಿರುವ ಅತಿ ಹಳೆಯ ಫೋಟೋ ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ತೆಗೆದದ್ದು. 1826 ಅಥವಾ 1827. ರಾಜನಿಲ್ಲ, ಅರಮನೆಯಿಲ್ಲ. ಅವರ ಮನೆಯ ಮಹಡಿ ಕಿಟಕಿಯಿಂದ ಕಾಣುವ ಸೂರುಗಳು, ಗೋಡೆಗಳು, ಅಷ್ಟೇ. ಡಾಂಬರಿನಂಥ ಬಿಟುಮೆನ್ ಸವರಿದ ಲೋಹದ ತಗಡನ್ನು ಗಂಟೆಗಟ್ಟಲೆ ಬೆಳಕಿಗೆ ಒಡ್ಡಿ ತೆಗೆದದ್ದು. ಎಂಟು ಗಂಟೆ ಅನ್ನುವವರಿದ್ದಾರೆ, ಕೆಲವು ದಿನವೇ ಆಗಿರಬೇಕು ಅನ್ನುವವರೂ ಇದ್ದಾರೆ. ಅಷ್ಟು ಹೊತ್ತಿನಲ್ಲಿ ಸೂರ್ಯ ಈ ಕಡೆಯಿಂದ ಆ ಕಡೆಗೆ ಹೋಗಿದ್ದಾನೆ. ಅದಕ್ಕೇ ಆ ಚಿತ್ರದಲ್ಲಿ ಎರಡೂ ಬದಿಯ ಗೋಡೆಗಳ ಮೇಲೆ ಬಿಸಿಲಿದೆ. ಯಾರ ಕಣ್ಣೂ ಒಂದೇ ಕ್ಷಣದಲ್ಲಿ ನೋಡಲಾಗದ ಬಿಸಿಲು ಅದು, ಅದೂ ಒಂದು ಸಾಮಾನ್ಯ ಅಂಗಳದ್ದು.

ಉಳಿದಿರುವ ಅತಿ ಹಳೆಯ ನೆಗೆಟಿವ್‌ನಲ್ಲೂ ಇರುವುದು ಕಿಟಕಿಯೇ. 1835ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ತಮ್ಮ ಮನೆಯ ಕಿಟಕಿಯನ್ನು ಒಳಗಿನಿಂದ ತೆಗೆದರು. ಅಂಚೆಚೀಟಿಯಷ್ಟು ಚಿಕ್ಕ ಕಾಗದ. ಅದರ ಪಕ್ಕ ಅವರೇ ಬರೆದಿಟ್ಟಿದ್ದಾರೆ: ತೆಗೆದ ಹೊಸದರಲ್ಲಿ ಲೆನ್ಸ್ ಹಿಡಿದು ನೋಡಿದರೆ ಕಿಟಕಿಯ ಸುಮಾರು 200 ಗಾಜಿನ ಚೌಕಗಳನ್ನೂ ಎಣಿಸಬಹುದಿತ್ತು ಅಂತ. ದಿನಾ ನೋಡುವ ಕಿಟಕಿಯ ಗಾಜನ್ನು ಲೆನ್ಸ್ ಹಿಡಿದು ಎಣಿಸಿದ ಆ ಮನುಷ್ಯನ ಮೇಲೆ ನನಗೆ ತುಂಬ ಪ್ರೀತಿ. ಒಂಬತ್ತು ವರ್ಷ ಆದ ಮೇಲೆ, 1844ರಲ್ಲಿ, ಅವರು ಒಂದು ತೆರೆದ ಬಾಗಿಲನ್ನೂ ಅದಕ್ಕೆ ಒರಗಿಸಿಟ್ಟ ಪೊರಕೆಯನ್ನೂ ತೆಗೆದರು. ನೆರಳು ಓರೆಯಾಗಿ ಬಾಗಿಲಿನ ಮೇಲೆ ಬಿದ್ದಿದೆ. ಬೇರೆಯವರಿಗೆ ಏನೂ ವಿಶೇಷ ಕಾಣದ ಕಡೆ, ದಾರಿಗೆ ಅಡ್ಡ ಬಿದ್ದ ಒಂದು ನೆರಳಿಗೂ ಚಿತ್ರಕಾರನ ಕಣ್ಣು ನಿಲ್ಲುತ್ತದೆ ಅನ್ನುವ ಅರ್ಥದ ಮಾತನ್ನು ಆ ಫೋಟೋದ ಜೊತೆ ಬರೆದರು. ಫೋಟೋಗ್ರಫಿ ಮನೆಯಲ್ಲೇ ಹುಟ್ಟಿದ್ದು. ದೂರ ದೂರ ಓಡಾಡಲು ಕಲಿತದ್ದು ಆಮೇಲೆ.

ಜೆಕ್ ಫೋಟೋಗ್ರಾಫರ್ ಜೋಸೆಫ್ ಸುದೆಕ್ ಅವರ ಕಿಟಕಿಯ ವಿಷಯ ಹೇಳದೆ ಇರಲಾರೆ. ಮೊದಲನೇ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು ಅವರು. 1940ರಿಂದ ಶುರುಮಾಡಿ, ಪ್ರಾಗ್‌ನಲ್ಲಿದ್ದ ತಮ್ಮ ಸ್ಟುಡಿಯೋ ಕಿಟಕಿಯನ್ನು 1954ರ ತನಕ ಮತ್ತೆ ಮತ್ತೆ ತೆಗೆದರು. ಶುರುವಿನ ವರ್ಷಗಳಲ್ಲಿ ದೇಶ ನಾಜಿಗಳ ಕೈಯಲ್ಲಿತ್ತು, ಕ್ಯಾಮೆರಾ ಹಿಡಿದು ಹೊರಗೆ ಓಡಾಡುವುದು ಸುಲಭವಿರಲಿಲ್ಲ. ಗಾಜಿನ ಮೇಲೆ ಆವಿ ಕಟ್ಟಿದ ದಿನ, ಹನಿಗಳು ಇಳಿದ ದಿನ, ಹಿಮ ಅಂಟಿದ ದಿನ. ಆಚೆ ಅಂಗಳದಲ್ಲಿ ಸೊಟ್ಟಗೆ ತಿರುಚಿಕೊಂಡ ಒಂದು ಮರ. ಹೊರಗೆ ಹೋಗಲು ಆಗದ್ದಕ್ಕೆ ಕಿಟಕಿ ತೆಗೆದರು ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಯುದ್ಧ ಮುಗಿದದ್ದು 1945ರಲ್ಲಿ. ಆಮೇಲೂ ಒಂಬತ್ತು ವರ್ಷ ಅವರು ಆ ಕಿಟಕಿಯನ್ನು ಬಿಡಲಿಲ್ಲ.

ರೇಲಿಂಗಿನ ಹೊಳೆಯುವ ಜಾಗ

ಇಪ್ಪತ್ತನೇ ದಿನದ ಹೊತ್ತಿಗೆ ಅಷ್ಟೂ ಫೋಟೋಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಬಿಸಿಲಿನ ತುಂಡು ಅದೇ ಹೊತ್ತಿಗೆ ಒಂದು ಗೇಣಿನಷ್ಟು ಸರಿದಿತ್ತು. ಅದು ಹೋದ ಕಡೆಯಲ್ಲಿ ರೇಲಿಂಗ್ ಇತ್ತು. ರೇಲಿಂಗಿನ ಉದ್ದಕ್ಕೂ ಹಸಿರು ಬಣ್ಣ ಗಟ್ಟಿಯಾಗಿದೆ, ತಿರುವಿನಲ್ಲಿ ಅಂಗೈಯಷ್ಟು ಉದ್ದ ಮಾತ್ರ ಬಣ್ಣ ಪೂರ್ತಿ ಸವೆದು ಕಬ್ಬಿಣ ಹೊಳೆಯುತ್ತಿದೆ. ಹತ್ತುವವರು ಇಳಿಯುವವರು ಎಲ್ಲರೂ ರೇಲಿಂಗ್ ಹಿಡಿಯುತ್ತಾರೆ. ಅಲ್ಲಿ ಮಾತ್ರ ಯಾಕೆ ಸವೆಯಬೇಕು?

ಮಾರನೇ ದಿನ ಸ್ವಲ್ಪ ಬೇಗ ಹೋದೆ. ಮೇಲಿನ ಮನೆಯ ಹಿರಿಯರು ಬೆಳಗಿನ ವಾಕಿಂಗ್ ಮುಗಿಸಿ ನಿಧಾನವಾಗಿ ಹತ್ತುತ್ತಾ ಬಂದರು. ತಿರುವಿಗೆ ಬಂದು ನಿಂತರು. ಕೈ ಸರಿಯಾಗಿ ಆ ಹೊಳೆಯುವ ಜಾಗಕ್ಕೇ ಹೋಯಿತು. ಉಸಿರು ಜೋರಾಗಿತ್ತು. ಕಣ್ಣು ಗೋಡೆಯ ಮೇಲಿತ್ತು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, “ಏನಪ್ಪಾ, ದಿನಾ ಇಲ್ಲಿ ಏನು ಫೋಟೋ ತೆಗೀತೀಯ?”

“ಬೆಳಕು ಸರ್. ಗೋಡೆ ಮೇಲೆ ಬೀಳುತ್ತಲ್ಲ.”

“ಓ, ಅದಾ. ಈಗ ಇಲ್ಲಿದೆ. ಚಳಿ ಶುರುವಾಗ್ಲಿ, ಆ ಮೂಲೆ ತನಕ ಹೋಗುತ್ತೆ ನೋಡು.” ಅವರು ಕೈ ತೆಗೆಯದೆ ಗದ್ದದಲ್ಲೇ ಮೂಲೆ ತೋರಿಸಿದರು. “ನಾನಿಲ್ಲಿ ಹದಿನೈದು ಎಣಿಸ್ತೀನಿ. ಎಣಿಸಿ ಆಮೇಲೆ ಮೇಲಕ್ಕೆ. ಎಣಿಸೋವಾಗ ಎಲ್ಲಾದ್ರೂ ನೋಡ್ಬೇಕಲ್ಲ, ಇದನ್ನ ನೋಡ್ತೀನಿ.”

ನಾನು ಆರನೇ ದಿನ ಕಂಡುಹಿಡಿದೆ ಅಂದುಕೊಂಡದ್ದು ಅವರಿಗೆ ವರ್ಷಗಳಿಂದ ಗೊತ್ತಿತ್ತು. ಕ್ಯಾಮೆರಾ ಇಲ್ಲದೆ. ಅವರನ್ನು ಅಲ್ಲಿ ನಿಲ್ಲಿಸಿದ್ದು ಏದುಸಿರು. ಫೋಟೋ ಒಂದೇ ದಾರಿ ಅಂತ ನಾನು ಎಂದೂ ಅಂದುಕೊಂಡಿರಲಿಲ್ಲ, ಆದರೆ ಇನ್ನೊಂದು ದಾರಿ ಇಷ್ಟು ಹತ್ತಿರದಲ್ಲಿ, ಅದೇ ಗೋಡೆಯನ್ನು ನೋಡುತ್ತಾ ನಿಂತಿರುತ್ತದೆ ಅಂತಲೂ ಅಂದುಕೊಂಡಿರಲಿಲ್ಲ.

“ನಿಮ್ಮ ಕೈ ಫೋಟೋ ತೆಗೀಲಾ ಸರ್?” ಅಂದೆ. ಅವರು ಕೈ ಎತ್ತಿ ಅಂಗಿಗೆ ಒರೆಸಿಕೊಂಡು ಮತ್ತೆ ಅದೇ ಜಾಗದಲ್ಲಿ ಇಟ್ಟರು. ಉಬ್ಬಿದ ನರಗಳು, ಒಂದು ಉಗುರಿನ ಮೇಲೆ ಉದ್ದಕ್ಕೆ ಸೀಳು, ಬೆರಳ ಸಂದಿಯಲ್ಲಿ ಹೊಳೆಯುವ ಕಬ್ಬಿಣ. ಅವತ್ತಿನ ಒಂದು ಫೋಟೋ ಅದೇ.

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ಫೋಟೋವನ್ನು ಕಪ್ಪು ಬಿಳುಪು ಮಾಡಿ, ನರಗಳು ಇನ್ನಷ್ಟು ಎದ್ದು ಕಾಣುವ ಹಾಗೆ ಕಾಂಟ್ರಾಸ್ಟ್ ಏರಿಸಿ ಹಾಕಿದ್ದರೆ ಎಷ್ಟೋ ಜನ ಮೆಚ್ಚುತ್ತಿದ್ದರು. ಅಂಥ ಫೋಟೋಗಳು ನನಗೆ ಹಿಡಿಸುವುದಿಲ್ಲ. ಸುಕ್ಕು, ಬಿರುಕು, ಸೋರುವ ಸೂರು ನೋಡುವವನಿಗೆ ಚೆಂದದ ಗೆರೆಗಳು. ಅದರೊಳಗೆ ಇರುವವರಿಗೆ ಅದು ನೋವು, ರಿಪೇರಿ ಖರ್ಚು. ನನ್ನ ಮನೆಯ ಒಡೆದ ಮೆಟ್ಟಿಲನ್ನು ಚೆಂದ ಅನ್ನುವ ಹಕ್ಕು ನನಗಿದೆ, ಅದರ ಮೇಲೆ ಎಡವಿದ್ದು ನನ್ನ ಕಾಲು. ಬೇರೆಯವರ ಒಡೆದ ಮೆಟ್ಟಿಲಿನ ಮುಂದೆ ನಾನು ಮೊದಲು ಕೇಳಬೇಕು, ತೆಗೆದದ್ದನ್ನು ಮೊದಲು ಅವರಿಗೆ ತೋರಿಸಬೇಕು. ಅವರಿಗೆ ತೋರಿಸಲು ಮುಜುಗರ ಆಗುವಂಥದ್ದಾದರೆ ಅದನ್ನು ಅಳಿಸಬೇಕು. ಹಿರಿಯರಿಗೆ ಫೋಟೋ ತೋರಿಸಿದಾಗ ಅವರು ತಮ್ಮ ಕೈಯನ್ನು ನೋಡಲೇ ಇಲ್ಲ. “ಅಯ್ಯೋ, ಇಷ್ಟು ಸವೆಸಿಬಿಟ್ಟಿದ್ದೀನಾ ಇದನ್ನ?” ಅಂದು ರೇಲಿಂಗನ್ನೇ ಬಗ್ಗಿ ನೋಡಿದರು.

ಮೂವತ್ತನೇ ದಿನ

ಇಪ್ಪತ್ತೊಂಬತ್ತನೇ ದಿನ ಸಂಜೆ ಮನೆಗೆ ಬಂದಾಗ ಮೆಟ್ಟಿಲ ತುಂಬ ಪೇಂಟಿನ ವಾಸನೆ. ರೇಲಿಂಗಿಗೆ ಹೊಸದಾಗಿ ಹಸಿರು ಬಳಿದಿದ್ದರು. ಹೊಳೆಯುವ ಜಾಗ ಇರಲಿಲ್ಲ. ಯಾವುದು ಅಂತ ಹುಡುಕಿದರೂ ಗೊತ್ತಾಗಲಿಲ್ಲ, ಉದ್ದಕ್ಕೂ ಒಂದೇ ಹಸಿರು. ಹಳೇ ಮನೆ ಬಿಟ್ಟ ದಿನ ಆಗದ ಬೇಜಾರು ಅವತ್ತು ಆಯಿತು. ಆದರೆ ಫೋಟೋ ಇತ್ತು.

ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗ ಹೋದೆ. ಪೇಂಟ್ ಇನ್ನೂ ಅಂಟುತ್ತಿತ್ತು. ಹಿರಿಯರು ಹತ್ತಿ ಬಂದು ತಿರುವಿನಲ್ಲಿ ನಿಂತರು. ಅಭ್ಯಾಸಕ್ಕೆ ಕೈ ಅಲ್ಲಿಗೆ ಹೋಯಿತು. ರೇಲಿಂಗಿಗಿಂತ ಒಂದು ಬೆರಳು ಮೇಲೆ, ಗಾಳಿಯಲ್ಲಿ ನಿಂತಿತು. ಕೈ ಸ್ವಲ್ಪ ನಡುಗುತ್ತಿತ್ತು.

“ನನ್ನ ಭುಜ ಹಿಡ್ಕೊಳ್ಳಿ ಸರ್” ಅಂದೆ. ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ, ಫೋನು ಕೈಯಲ್ಲೇ ಇತ್ತು. ಅವರು ಹಿಂದಿನಿಂದ ಭುಜದ ಮೇಲೆ ಕೈಯಿಟ್ಟರು. ಆ ಕೈ ಇಷ್ಟು ಭಾರ ಇರುತ್ತದೆ ಅಂತ ಫೋಟೋದಲ್ಲಿ ಗೊತ್ತಾಗಿರಲಿಲ್ಲ. ಅವರು ಎಣಿಸಲು ಶುರುಮಾಡಿದರು, ತುಟಿಯೊಳಗೇ. ಪ್ರತಿ ಉಸಿರಿಗೂ ಭುಜ ಅಷ್ಟಷ್ಟೇ ಮೇಲೆ ಕೆಳಗೆ ಆಗುತ್ತಿತ್ತು. ಏಳಕ್ಕೋ ಎಂಟಕ್ಕೋ ನಾನು ಬಟನ್ ಒತ್ತಿದೆ.

ಮೂವತ್ತನೇ ಫೋಟೋದಲ್ಲಿ ಗೋಡೆಯಿದೆ, ಬಿಸಿಲಿನ ತುಂಡಿದೆ, ಗಾರೆಯ ಕಮಾನುಗಳಿವೆ. ಎಲ್ಲವೂ ಸ್ವಲ್ಪ ಅಲುಗಾಡಿವೆ. ಅದನ್ನು ಪ್ರಿಂಟ್ ಹಾಕಿಸಿ ಅಮ್ಮನಿಗೆ ಕೊಟ್ಟೆ. ಅವಳು ಅದನ್ನು ಓರೆ ಮಾಡಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿ, “ಯಾರೋ ನಿನ್ನ ಪಕ್ಕದಲ್ಲಿ ಇದ್ದರಾ?” ಅಂತ ಕೇಳಿದಳು.